ಬಿಸಿಗಾಳಿ, ಚಳಿಗಾಳಿ ಮತ್ತು ಕ್ಯಾಲ್ಸಿಯಂ: ಗಿಡಕ್ಕೆ ಕೊರತೆಯಾಗುವುದು ಎಲ್ಲಿ?

ಬಿಸಿಗಾಳಿಯ ಮುನ್ಸೂಚನೆ ಹೊರಬಿದ್ದರೆ ಸಾಕು, ಬೆಳೆಗಾರರ ಕಿವಿಗೆ ಒಂದಕ್ಕೊಂದು ಹೊಂದದ ಮಾತುಗಳು ಬೀಳತೊಡಗುತ್ತವೆ. ‘ಬಿಸಿಲಿನ ಹೊಡೆತ ತಾಳಲು ಕ್ಯಾಲ್ಸಿಯಂ ಗಿಡಕ್ಕೆ ನೆರವಾಗುತ್ತದೆ ಎಂದು ಸಂಶೋಧನೆಯೇ ಹೇಳಿದೆ, ತಡಮಾಡದೆ ಸಿಂಪಡಿಸಿ’ ಎನ್ನುತ್ತದೆ ಒಂದು ಸುದ್ದಿ. ‘ಮಣ್ಣಿನಲ್ಲಿ ಬೇಕಾದಷ್ಟು ಕ್ಯಾಲ್ಸಿಯಂ ಇದೆ, ಸಿಂಪಡಣೆ ದಂಡದ ಖರ್ಚು’ ಎನ್ನುತ್ತದೆ ಇನ್ನೊಂದು. ಇವೆರಡರ ನಡುವೆ ‘ಕ್ಯಾಲ್ಸಿಯಂ ಸಂಕೇತ ತಗ್ಗಿದಾಗಲೇ ಭತ್ತ ಬಿಸಿಯನ್ನು ಚೆನ್ನಾಗಿ ತಾಳಿತು’ ಎಂಬ ಮೂರನೆಯ ವರದಿಯೂ ಸೇರಿಕೊಂಡರೆ ಓದಿದವರಿಗೆ ಏನು ಮಾಡಬೇಕೆಂದೇ ತೋಚುವುದಿಲ್ಲ.

ಮೂರರಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ. ಒಂದು ಮಾತು ಜೀವಕೋಶದೊಳಗಿನ ಸಂಕೇತವನ್ನು ಕುರಿತದ್ದು, ಇನ್ನೊಂದು ಮಣ್ಣಿನ ದಾಸ್ತಾನನ್ನು ಕುರಿತದ್ದು. ಇವೆರಡರ ನಡುವೆ ಬೇರಿನಿಂದ ಕಾಯಿಯ ತುದಿಯವರೆಗಿನ ದಾರಿಯೊಂದಿದೆ. ಬಿಸಿಲು ಹೆಚ್ಚಾದಾಗ ಬಹುಪಾಲು ತೊಂದರೆ ಹುಟ್ಟುವುದು ಆ ದಾರಿಯಲ್ಲಿ. ಸುದ್ದಿಗಳು ಮಾತಾಡದೆ ಬಿಡುವುದೂ ಅದನ್ನೇ.

ತುಂಬಿದ ಕೆರೆ, ಒಣ ಗದ್ದೆ

ಗಿಡವನ್ನು ಒಣಗಿಸಿ ಪರೀಕ್ಷೆ ಮಾಡಿದರೆ, ಜಾತಿ ಮತ್ತು ಮಣ್ಣಿಗೆ ತಕ್ಕಂತೆ ಅದರ ತೂಕದಲ್ಲಿ ಶೇ 0.1ರಿಂದ ಶೇ 5ರವರೆಗೆ ಕ್ಯಾಲ್ಸಿಯಂ ಇರುತ್ತದೆ. ಭತ್ತ, ಗೋಧಿಯಂಥ ಹುಲ್ಲಿನ ಜಾತಿಗಳಲ್ಲಿ ಕಡಿಮೆ. ಟೊಮೆಟೊ, ಎಲೆಕೋಸಿನಂಥವುಗಳಲ್ಲಿ ಹೆಚ್ಚು. ಅದರ ಬಹುಭಾಗ ಇರುವುದು ಎರಡೇ ಕಡೆ: ಜೀವಕೋಶದ ಹೊರಗೋಡೆಯಲ್ಲಿ ಮತ್ತು ಕೋಶದೊಳಗಿನ ರಸದ ಚೀಲದಲ್ಲಿ. ಈ ಚೀಲವನ್ನು ವ್ಯಾಕ್ಯೂಲ್ ಅನ್ನುತ್ತಾರೆ.

ಜೀವದ ಕೆಲಸಗಳೆಲ್ಲ ನಡೆಯುವ ಕೋಶದ್ರವದಲ್ಲಿ ಮಾತ್ರ ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿ ಕರಗಿ ಓಡಾಡಿಕೊಂಡಿರುವುದು ಲೀಟರಿಗೆ ಸುಮಾರು 4 ಮೈಕ್ರೋಗ್ರಾಂ. ಕೋಶದ ಹೊರಗೆ, ಪೊರೆಯ ಆಚೆ ಬದಿಯಲ್ಲಿ, ಲೀಟರಿಗೆ 40 ಮಿಲಿಗ್ರಾಂ ಆಸುಪಾಸು ಇರುವುದುಂಟು. ಅಂದರೆ ತೆಳ್ಳನೆಯ ಒಂದು ಪೊರೆಯ ಎರಡು ಬದಿಗಳ ನಡುವೆ ಸುಮಾರು ಹತ್ತು ಸಾವಿರ ಪಟ್ಟು ಅಂತರ.

ಗಿಡ ಇಷ್ಟು ಕಷ್ಟಪಟ್ಟು ಕ್ಯಾಲ್ಸಿಯಂ ಅನ್ನು ಹೊರಗಿಡುವುದಕ್ಕೆ ಕಾರಣವಿದೆ. ಕೋಶದ್ರವದಲ್ಲಿ ಫಾಸ್ಫೇಟ್ ರೂಪದ ರಂಜಕ ತುಂಬಿರುತ್ತದೆ. ಕೋಶದ ಶಕ್ತಿಯ ವಹಿವಾಟೆಲ್ಲ ನಡೆಯುವುದು ಅದರ ಮೇಲೆ. ಕ್ಯಾಲ್ಸಿಯಂ ಹೆಚ್ಚಾದರೆ ಫಾಸ್ಫೇಟ್ ಜೊತೆ ಕೂಡಿ ಗಸಿಯಾಗಿ ಕೂತುಬಿಡುತ್ತದೆ. ಹಾಗಾಗಿ ಪೊರೆಯಲ್ಲಿರುವ ಪಂಪುಗಳು ಶಕ್ತಿ ಖರ್ಚು ಮಾಡಿ, ಒಳಗೆ ಬಂದದ್ದನ್ನು ಹಗಲೂ ರಾತ್ರಿ ಹೊರಗೆಸೆಯುತ್ತಿರುತ್ತವೆ.

ಏರಿಯ ಒಂದು ಬದಿಗೆ ತುಂಬಿದ ಕೆರೆ, ಇನ್ನೊಂದು ಬದಿಗೆ ಒಣ ಗದ್ದೆ ಇದ್ದ ಹಾಗೆ. ತೂಬನ್ನು ಬೆರಳಷ್ಟು ಎತ್ತಿದರೂ ಗದ್ದೆಗೆ ಅದು ದೊಡ್ಡ ಸುದ್ದಿ. ಈ ಅಂತರವನ್ನೇ ಗಿಡ ಸಂಕೇತ ಕಳಿಸಲು ಬಳಸಿಕೊಂಡಿದೆ. ಇಲ್ಲಿ ಒಂದು ಅಂಶ ಗಮನಿಸಬೇಕು. ಸಂಕೇತಕ್ಕೆ ಬೇಕಾದ ಕ್ಯಾಲ್ಸಿಯಂ ಅತ್ಯಲ್ಪ. ಕೆರೆಯಲ್ಲಿ ನೀರಿದ್ದರೆ ಆಯಿತು, ಕೋಡಿ ಬೀಳುವಷ್ಟು ತುಂಬಿಸಿದ ಮಾತ್ರಕ್ಕೆ ತೂಬು ಚೆನ್ನಾಗಿ ಕೆಲಸ ಮಾಡುವುದಿಲ್ಲ.

ಚಳಿ ತಾಗಿದ ಕ್ಷಣ

ಗಿಡಕ್ಕೆ ಚಳಿ ತಾಗಿದ್ದು ಹೇಗೆ ಗೊತ್ತಾಗುತ್ತದೆ ಎಂಬುದನ್ನು ಕಣ್ಣಿಗೆ ಕಾಣುವಂತೆ ಮಾಡಿದ್ದು 1991ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದು ಪ್ರಯೋಗ. ಜೆಲ್ಲಿಮೀನಿನ ಎಕ್ವೊರಿನ್ ಎಂಬ ಪ್ರೋಟೀನಿಗೆ ಕ್ಯಾಲ್ಸಿಯಂ ತಾಗಿದರೆ ನೀಲಿ ಬೆಳಕು ಹೊಮ್ಮುತ್ತದೆ. ಅದನ್ನು ತಯಾರಿಸುವ ಜೀನನ್ನು ತಂಬಾಕಿನ ಗಿಡಕ್ಕೆ ಸೇರಿಸಲಾಯಿತು. ಸಸಿಯನ್ನು ಮುಟ್ಟಿದಾಗಲೂ ತಣ್ಣೀರು ತಾಗಿಸಿದಾಗಲೂ ಕೆಲವೇ ಸೆಕೆಂಡುಗಳಲ್ಲಿ ಬೆಳಕು ಚಿಮ್ಮಿತು, ಮತ್ತೆ ಆರಿತು. ಚಳಿ ತಾಗಿದೊಡನೆ ಕೋಶದ್ರವಕ್ಕೆ ಕ್ಯಾಲ್ಸಿಯಂ ನುಗ್ಗಿ, ಪಂಪುಗಳು ಅದನ್ನು ತಿರುಗಿ ಹೊರಹಾಕಿದ್ದವು.

ತೂಬು ತೆರೆಯುವುದಕ್ಕೆ ಕಾರಣ ಪೊರೆಯ ಹದ ಬದಲಾಗುವುದು ಎಂಬುದು ಹೆಚ್ಚಿನ ಸಸ್ಯವಿಜ್ಞಾನಿಗಳು ಒಪ್ಪುವ ವಿವರಣೆ. ಪೊರೆ ಕೊಬ್ಬಿನಿಂದಾದದ್ದು. ತುಪ್ಪ ಚಳಿಗೆ ಗಟ್ಟಿಯಾಗುವ ಹಾಗೆ ಪೊರೆಯೂ ಬಿರುಸಾಗುತ್ತದೆ, ಅದರಲ್ಲಿ ಕೂತ ಕ್ಯಾಲ್ಸಿಯಂ ಕಾಲುವೆಗಳ ಮೇಲೆ ಎಳೆತ ಬೀಳುತ್ತದೆ. ಭತ್ತದಲ್ಲಿ ಈ ಕೆಲಸಕ್ಕೆ ನೆರವಾಗುವ ‘ಕೋಲ್ಡ್1’ ಎಂಬ ಜೀನನ್ನು ಚೀನಾದ ಸಂಶೋಧಕರು 2015ರಲ್ಲಿ ವಿವರಿಸಿದರು. ಚಳಿ ಪ್ರದೇಶದ ಜಪೋನಿಕಾ ಭತ್ತದಲ್ಲಿ ಇದರ ಡಿಎನ್ಎಯ ಒಂದೇ ಒಂದು ಅಕ್ಷರದ ವ್ಯತ್ಯಾಸ ಚಳಿ ತಾಳುವ ಗುಣಕ್ಕೆ ಕಾರಣವಾಗಿದೆ.

ಒಳಗೆ ಬಂದ ಕ್ಯಾಲ್ಸಿಯಂ ತಾನೇ ಏನನ್ನೂ ಕಟ್ಟುವುದಿಲ್ಲ. ಕ್ಯಾಲ್ಮೊಡ್ಯುಲಿನ್ ಎಂಬ ಪುಟ್ಟ ಪ್ರೋಟೀನಿಗೆ ಅದು ಅಂಟಿಕೊಂಡಾಗ ಆ ಪ್ರೋಟೀನಿನ ಆಕಾರ ಬದಲಾಗುತ್ತದೆ, ಅದು ಇನ್ನೊಂದನ್ನು ಎಬ್ಬಿಸುತ್ತದೆ, ಹೀಗೆ ಸುದ್ದಿ ಜೀನುಗಳವರೆಗೆ ತಲುಪುತ್ತದೆ. ಆಮೇಲೆ ಗಿಡ ಕೋಶರಸದಲ್ಲಿ ಸಕ್ಕರೆ ಕೂಡಿಹಾಕುತ್ತದೆ, ಪೊರೆಯ ಕೊಬ್ಬನ್ನು ಚಳಿಗೆ ಗಟ್ಟಿಯಾಗದಂತೆ ಬದಲಿಸಿಕೊಳ್ಳುತ್ತದೆ. ಇದಕ್ಕೆಲ್ಲ ಗಂಟೆಗಳಿಂದ ದಿನಗಳವರೆಗೆ ಹಿಡಿಯುತ್ತದೆ. ನಿಧಾನವಾಗಿ ಏರುವ ಚಳಿಗೆ ಹೊಂದಿಕೊಳ್ಳುವ ಬೆಳೆ, ಬೆಚ್ಚಗಿನ ದಿನಗಳ ನಡುವೆ ಒಂದೇ ರಾತ್ರಿ ಎರಗುವ ಹಿಮಕ್ಕೆ ಸಾಯುವುದು ಇದೇ ಕಾರಣಕ್ಕೆ. ಸಂಕೇತ ಹೋಗಿರುತ್ತದೆ, ತಯಾರಿಗೆ ಹೊತ್ತು ಸಿಕ್ಕಿರುವುದಿಲ್ಲ.

ಹಿಮ ಬಿದ್ದಾಗ ಕ್ಯಾಲ್ಸಿಯಂಗೆ ಇನ್ನೂ ಒಂದು ಕೆಲಸವಿದೆ. ಮೊದಲು ಹೆಪ್ಪುಗಟ್ಟುವುದು ಕೋಶಗಳ ನಡುವಿನ ನೀರು. ಆ ಹರಳುಗಳು ಒಳಗಿನ ನೀರನ್ನು ಎಳೆದುಕೊಳ್ಳುತ್ತವೆ, ಪೊರೆಯನ್ನು ಚುಚ್ಚಿ ಹರಿಯಲೂಬಹುದು. ಹರಿದ ಪೊರೆಯನ್ನು ಕೋಶ ಕೂಡಲೇ ತೇಪೆ ಹಾಕಿಕೊಳ್ಳಬಲ್ಲದು. ಅರಾಬಿಡೋಪ್ಸಿಸ್ ಎಂಬ ಪ್ರಯೋಗಸಸ್ಯದಲ್ಲಿ ಈ ತೇಪೆ ಕೆಲಸಕ್ಕೆ ಹೊರಗಿನ ಕ್ಯಾಲ್ಸಿಯಂ ಬೇಕೇ ಬೇಕು ಎಂದು 2008ರಲ್ಲಿ ಗೊತ್ತಾಯಿತು. ಇಲ್ಲಿ ಕ್ಯಾಲ್ಸಿಯಂ ಸುದ್ದಿಯೂ ಹೌದು, ಸಾಮಗ್ರಿ ಎಲ್ಲಿ ಬೇಕೆಂದು ತೋರಿಸುವ ಗುರುತೂ ಹೌದು: ಹರಿದ ಕಡೆಯಿಂದಲೇ ಅದು ಒಳನುಗ್ಗುತ್ತದೆ.

ಬಿಸಿಯ ಸಂಕೇತ, ಅದರ ಎರಡು ಮುಖ

ಬಿಸಿಗೆ ಪೊರೆ ಸಡಿಲಗೊಳ್ಳುತ್ತದೆ. ಆಗಲೂ ಕ್ಯಾಲ್ಸಿಯಂ ಒಳಗೆ ಬರುತ್ತದೆ. ಆದರೆ ಚಳಿಯ ಸಂಕೇತ ಮಿಂಚಿ ಮಾಯವಾದರೆ, ಬಿಸಿಯದು ನಿಧಾನವಾಗಿ ಏರಿ ಹೆಚ್ಚು ಹೊತ್ತು ನಿಲ್ಲುತ್ತದೆ. ಏರಿಳಿತದ ಈ ಲಯದಿಂದಲೇ ಗಿಡ ಚಳಿ, ಬಿಸಿ, ಉಪ್ಪು, ಗಾಯಗಳನ್ನು ಬೇರೆಬೇರೆಯಾಗಿ ಗುರುತಿಸುತ್ತದೆ ಎಂಬ ಅಭಿಪ್ರಾಯವಿದೆ.

ಹಾವಸೆಯ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನ ಒಂದು ವಿಷಯವನ್ನು ಖಚಿತಪಡಿಸಿತು. ಹೊರಗಿನ ದ್ರವದಿಂದ ಕ್ಯಾಲ್ಸಿಯಂ ಅನ್ನು ಹಿಡಿದು ತೆಗೆದುಬಿಟ್ಟರೆ, ಬಿಸಿ ಎಷ್ಟೇ ಇದ್ದರೂ ಬಿಸಿರಕ್ಷಕ ಪ್ರೋಟೀನುಗಳ ತಯಾರಿ ಕುಗ್ಗಿಹೋಗುತ್ತದೆ. ಬಿಸಿಗೆ ಪ್ರೋಟೀನುಗಳ ಮಡಿಕೆ ಬಿಚ್ಚಿ, ಬೆಂದ ಮೊಟ್ಟೆಯ ಬಿಳಿಯಂತೆ ಒಂದಕ್ಕೊಂದು ಅಂಟಿಕೊಳ್ಳದಂತೆ ಕಾಯುವುದು ಈ ರಕ್ಷಕಗಳು. ಪ್ರಯೋಗಾಲಯದಲ್ಲಿ ಸಸಿಗಳನ್ನು ಮೊದಲು 37–38 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ಇಟ್ಟು, ಚೇತರಿಸಿಕೊಳ್ಳಲು ಬಿಟ್ಟು, ಆಮೇಲೆ 45 ಡಿಗ್ರಿಗೆ ಒಡ್ಡಿದರೆ ಬದುಕುತ್ತವೆ. ನೇರವಾಗಿ 45 ಡಿಗ್ರಿಗೆ ಒಡ್ಡಿದರೆ ಸಾಯುತ್ತವೆ. ಮೊದಲ ಬಿಸಿಯಲ್ಲೇ ರಕ್ಷಕಗಳು ತಯಾರಾಗಿರುತ್ತವೆ.

‘ಕ್ಯಾಲ್ಸಿಯಂ ಬಿಸಿ ತಾಳಿಸುತ್ತದೆ’ ಎಂಬ ಸುದ್ದಿಗೆ ಆಧಾರ ಇಂಥ ಕೆಲಸಗಳು. ಇನ್ನು ಅದಕ್ಕೆ ವಿರುದ್ಧವೆಂದು ಕಾಣುವ ಭತ್ತದ ವರದಿ. 2022ರಲ್ಲಿ ವಿವರಿಸಲಾದ ‘ಟಿಟಿ2’ ಎಂಬ ಜೀನು ಕೆಟ್ಟಿರುವ ಭತ್ತದಲ್ಲಿ, ಬಿಸಿ ತಾಗಿದಾಗ ಒಳಬರುವ ಕ್ಯಾಲ್ಸಿಯಂ ಕಡಿಮೆ. ಸಾಮಾನ್ಯ ಭತ್ತದಲ್ಲಿ ಕ್ಯಾಲ್ಸಿಯಂ ಏರಿದಾಗ ಎಲೆಯ ಮೇಣ ತಯಾರಿಸುವ ಜೀನು ಅದುಮಲ್ಪಡುತ್ತದೆ. ಟಿಟಿ2 ಕೆಟ್ಟ ಭತ್ತದಲ್ಲಿ ಈ ಅದುಮುವಿಕೆ ಸಡಿಲವಾಗಿ ಮೇಣ ಉಳಿಯುತ್ತದೆ, ಎಲೆ ಬಿಸಿ ತಾಳುತ್ತದೆ.

ಇದರಿಂದ ಕ್ಯಾಲ್ಸಿಯಂ ಕೆಟ್ಟದ್ದೆಂದು ತಿಳಿಯಬೇಕಿಲ್ಲ. ಸಂಕೇತವೆಂದರೆ ಗಂಟೆಯ ಸದ್ದಿನಂತೆ. ಯಾವ ಗಂಟೆ, ಎಷ್ಟು ಹೊತ್ತು, ಕೇಳಿಸಿಕೊಂಡವರು ಏನು ಮಾಡಿದರು ಎಂಬುದರ ಮೇಲೆ ಪರಿಣಾಮ ನಿಂತಿದೆ. ಎಲೆಯ ರಂಧ್ರಗಳನ್ನೇ ನೋಡಿ. ಕಾವಲುಕೋಶಗಳಲ್ಲಿ ಕ್ಯಾಲ್ಸಿಯಂ ಏರಿದರೆ ರಂಧ್ರ ಮುಚ್ಚುತ್ತದೆ, ನೀರು ಉಳಿಯುತ್ತದೆ. ಬರಗಾಲದಲ್ಲಿ ಅದು ವರ. ಆದರೆ ಬೆವರಿ ತಣ್ಣಗಾಗುವ ದಾರಿಯೂ ಅದೇ ಆದ್ದರಿಂದ, ನೀರಿದ್ದೂ ರಂಧ್ರ ಮುಚ್ಚಿದ ಎಲೆ ಬಿಸಿಲಲ್ಲಿ ಇನ್ನಷ್ಟು ಕಾಯುತ್ತದೆ. ಹೊರಗಿನಿಂದ ಕ್ಯಾಲ್ಸಿಯಂ ಸುರಿದು ಈ ಸಂಕೇತಗಳನ್ನು ಬೇಕಾದ ಹಾಗೆ ನಡೆಸಬಹುದೆಂಬ ನಂಬಿಕೆಗೆ ಗಟ್ಟಿ ನೆಲೆಯಿಲ್ಲ.

ಗೋಡೆಯ ಗಾರೆ

ರಚನೆಯ ಕೆಲಸ ಅಷ್ಟು ಜಟಿಲವಲ್ಲ. ಕೋಶಗಳ ಗೋಡೆಯಲ್ಲಿರುವ ಪೆಕ್ಟಿನ್ ಎಳೆಗಳನ್ನು ಕ್ಯಾಲ್ಸಿಯಂ ಒಂದಕ್ಕೊಂದು ಬೆಸೆಯುತ್ತದೆ. ಪೊರೆಯ ಕೊಬ್ಬಿನ ಕಣಗಳ ತಲೆಗಳನ್ನೂ ಹಿಡಿದಿಡುತ್ತದೆ. ಬಿಸಿಲಿಗೆ ಬಾಡಿದ ಎಲೆಯ ತುಣುಕನ್ನು ಶುದ್ಧ ನೀರಿನಲ್ಲಿ ನೆನೆಸಿ, ಹೊರಬಂದ ಲವಣವನ್ನು ಅಳೆದರೆ ಪೊರೆ ಎಷ್ಟು ಸೋರುತ್ತಿದೆ ಎಂದು ತಿಳಿಯುತ್ತದೆ. ಕ್ಯಾಲ್ಸಿಯಂ ಸಾಕಷ್ಟಿರುವ ಎಲೆ ಕಡಿಮೆ ಸೋರುತ್ತದೆ. ಬಿಸಿಲಿಗೆ ಮೊದಲೇ ಕ್ಯಾಲ್ಸಿಯಂ ಸಿಂಪಡಿಸಿ ಒಳ್ಳೆಯ ಫಲ ಕಂಡ ಹಲವು ಪ್ರಯೋಗಗಳು ತೋರಿಸಿರುವುದು ಮುಖ್ಯವಾಗಿ ಇದನ್ನೇ.

ಕೊರತೆ ಹುಟ್ಟುವುದು ದಾರಿಯಲ್ಲಿ

ಈಗ ಹೊಲಕ್ಕೆ ಬರೋಣ. ಭೂಮಿಯ ಹೊರಪದರದಲ್ಲಿ ಹೇರಳವಾಗಿರುವ ಧಾತುಗಳಲ್ಲಿ ಕ್ಯಾಲ್ಸಿಯಂಗೆ ಐದನೆಯ ಸ್ಥಾನ. ಹುಳಿ ಮಣ್ಣು, ಮರಳು ಮಣ್ಣುಗಳನ್ನು ಬಿಟ್ಟರೆ ನಿಜವಾದ ಕೊರತೆ ಅಪರೂಪ. ಆದರೂ ಟೊಮೆಟೊ ಕಾಯಿಯ ತಳ ಕಪ್ಪಾಗಿ ಕೊಳೆಯುತ್ತದೆ, ಲೆಟ್ಯೂಸ್ ಮತ್ತು ಕೋಸಿನ ಒಳ ಎಲೆಗಳ ಅಂಚು ಸುಡುತ್ತದೆ, ಸೇಬಿನ ಸಿಪ್ಪೆಯಡಿಯಲ್ಲಿ ಕಂದು ಗುಳಿಗಳೇಳುತ್ತವೆ. ಅದೂ ಬಿಸಿಲು ಏರಿದ ವಾರಗಳಲ್ಲೇ.

ಕಾರಣ ಸಾಗಣೆಯಲ್ಲಿದೆ. ಗಿಡದಲ್ಲಿ ಎರಡು ಕೊಳವೆ ಸಾಲುಗಳಿವೆ. ಬೇರಿನ ನೀರನ್ನು ಮೇಲೆತ್ತುವುದು ಕ್ಸೈಲಂ, ಎಲೆಯ ಸಕ್ಕರೆಯನ್ನು ಎಲ್ಲೆಡೆ ಹಂಚುವುದು ಫ್ಲೋಯಂ. ಸಾರಜನಕ, ಪೊಟ್ಯಾಶ್ ಎರಡರಲ್ಲೂ ಓಡಾಡುತ್ತವೆ. ಕ್ಯಾಲ್ಸಿಯಂ ಮಾತ್ರ ಹೆಚ್ಚುಕಡಿಮೆ ಕ್ಸೈಲಂನ ಪ್ರಯಾಣಿಕ. ನೀರು ಹೋದಲ್ಲಿಗೆ ಹೋಗುತ್ತದೆ, ಒಮ್ಮೆ ಎಲೆ ಸೇರಿದರೆ ಅಲ್ಲಿಂದ ಮತ್ತೆ ಹೊರಡುವುದಿಲ್ಲ. ಹಳೆಯ ಎಲೆಯಲ್ಲಿ ಕ್ಯಾಲ್ಸಿಯಂ ರಾಶಿ ಬಿದ್ದಿದ್ದರೂ ಅದೇ ರೆಂಬೆಯ ಕಾಯಿಗೆ ಅದರಿಂದ ಒಂದಿಷ್ಟೂ ಸಿಗದು.

ಟೊಮೆಟೊ ಕಾಯಿಯನ್ನು ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಕಾಯಿಯ ಸಿಪ್ಪೆಯಲ್ಲಿ ರಂಧ್ರಗಳೇ ಇಲ್ಲ, ಹಾಗಾಗಿ ಅದು ಬೆವರುವುದು ತೀರ ಕಡಿಮೆ, ಅತ್ತ ಹರಿಯುವ ಕ್ಸೈಲಂ ನೀರೂ ಕಡಿಮೆ. ಹೂ ಕಾಯಾದ ಮೊದಲ ಎರಡು ಮೂರು ವಾರ ಕೋಶಗಳು ಸರಸರನೆ ಹಿಗ್ಗುತ್ತವೆ, ಹೊಸ ಗೋಡೆ ಹೊಸ ಪೊರೆ ಬೇಕು, ಬೇಡಿಕೆ ಏರುತ್ತದೆ. ಕಾಯಿ ದಪ್ಪಗಾದಂತೆ ತುದಿಯತ್ತ ಹೋಗುವ ಕ್ಸೈಲಂ ಎಳೆಗಳು ಒಂದೊಂದಾಗಿ ಕೆಲಸ ನಿಲ್ಲಿಸುತ್ತವೆ. ತೊಟ್ಟಿಗೆ ದೂರವಾದ ತುದಿಗೆ ಎಲ್ಲಕ್ಕಿಂತ ಕಡೆಯ ಪಾಲು. ಮಟಮಟ ಮಧ್ಯಾಹ್ನ ಎಲೆಗಳು ನೀರನ್ನೆಲ್ಲ ತಮ್ಮತ್ತ ಎಳೆದುಕೊಂಡಾಗ ತುದಿಯ ಕೋಶಗಳ ಪೊರೆ ಸೋರತೊಡಗುತ್ತದೆ. ಮೊದಲು ನೀರಲ್ಲಿ ನೆನೆದಂಥ ಕಲೆ, ಆಮೇಲೆ ಕಂದು, ಕೊನೆಗೆ ತೊಗಲಿನಂಥ ಕಪ್ಪು. ಕಲೆ ಕಾಣುವ ಹೊತ್ತಿಗೆ ಹಾನಿ ಆಗಿಹೋಗಿರುತ್ತದೆ. ಆ ಕಾಯಿಗೆ ಮದ್ದಿಲ್ಲ, ಅದನ್ನು ಕಿತ್ತುಹಾಕುವುದೇ ಸರಿ.

ಎಲೆ ಬೆವರದ ಹೊತ್ತಿನಲ್ಲಿ, ಅಂದರೆ ರಾತ್ರಿ, ಲೆಕ್ಕ ತಿರುಗುತ್ತದೆ. ಬೇರು ಲವಣವನ್ನು ಒಳಗೆಳೆದುಕೊಂಡಾಗ ಅದರ ಬೆನ್ನಿಗೆ ನೀರೂ ಬಂದು ಒತ್ತಡ ಹುಟ್ಟುತ್ತದೆ. ಹಗಲಲ್ಲಿ ಎಲೆ ಎಳೆಯುವ ನೀರು ಎಲೆಗೆ ಹೋದರೆ, ರಾತ್ರಿ ಬೇರು ತಳ್ಳುವ ನೀರು ಕಾಯಿ, ಮೊಗ್ಗು, ಒಳ ಎಲೆಗಳಿಗೂ ತಲುಪುತ್ತದೆ. ರಾತ್ರಿ ಮಣ್ಣು ಒಣಗಿದ್ದರೆ, ಗಾಳಿ ಒಣ ಬಿಸಿಯಾಗಿದ್ದರೆ, ಬೇರಿನ ಸುತ್ತ ಲವಣ ಹೆಚ್ಚಿದ್ದರೆ ಈ ಒತ್ತಡ ಹುಟ್ಟುವುದಿಲ್ಲ.

ಬೇರಿನ ಕಡೆಯಿಂದಲೂ ಒಂದು ತೊಡಕಿದೆ. ಕ್ಯಾಲ್ಸಿಯಂ ಸಲೀಸಾಗಿ ಒಳಸೇರುವುದು ಎಳೆಯ ಬೇರುತುದಿಗಳಲ್ಲಿ ಮಾತ್ರ. ಬಲಿತ ಬೇರಿನೊಳಗೆ ಮೇಣದಂಥ ಪಟ್ಟಿ ಬೆಳೆದು ದಾರಿ ಕಟ್ಟುತ್ತದೆ. ಮೇಲ್ಮಣ್ಣು ಕಾದು ತುದಿಗಳು ಬೆಳೆಯುವುದನ್ನು ನಿಲ್ಲಿಸಿದರೆ, ಮಣ್ಣಿನಲ್ಲಿ ಎಷ್ಟಿದ್ದರೇನು, ಹೀರುವ ಬಾಯಿಗಳೇ ಇರುವುದಿಲ್ಲ.

ಪಂಡಿತರ ನಡುವಿನ ಭಿನ್ನಾಭಿಪ್ರಾಯ

ಕಾಯಿ ಕೊಳೆಗೆ ಕ್ಯಾಲ್ಸಿಯಂ ಕೊರತೆಯೇ ಮೂಲ ಎನ್ನುವುದನ್ನು ಒಪ್ಪದ ವಿಜ್ಞಾನಿಗಳೂ ಇದ್ದಾರೆ. ಅವರ ವಾದ ಹೀಗೆ: ಬಿಸಿಲು ಮತ್ತು ನೀರಿನ ಏರುಪೇರಿನಿಂದ ಮೊದಲು ಪೊರೆ ಕೆಡುತ್ತದೆ, ಕ್ಯಾಲ್ಸಿಯಂ ಕಡಿಮೆ ಕಾಣುವುದು ಆಮೇಲಿನ ಪರಿಣಾಮ. ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ವ್ಯಾಕ್ಯೂಲಿಗೆ ಕ್ಯಾಲ್ಸಿಯಂ ತುಂಬುವ ಜೀನನ್ನು ಟೊಮೆಟೊಗೆ ಸೇರಿಸಿದಾಗ ಕಾಯಿಯ ಒಟ್ಟು ಕ್ಯಾಲ್ಸಿಯಂ ಹೆಚ್ಚಿತು, ಜೊತೆಗೆ ತುದಿ ಕೊಳೆಯೂ ಹೆಚ್ಚಿತು. ಚೀಲದೊಳಗೆ ಬಂದಿಯಾದ ಕ್ಯಾಲ್ಸಿಯಂ ಗೋಡೆಗೂ ಪೊರೆಗೂ ಒದಗಲಿಲ್ಲ. ಪ್ರಯೋಗಾಲಯದ ವರದಿಯಲ್ಲಿ ‘ಕ್ಯಾಲ್ಸಿಯಂ ಇಷ್ಟಿದೆ’ ಎಂದು ಬರುವ ಒಂದೇ ಅಂಕಿಯನ್ನು ನಂಬಿ ತೀರ್ಮಾನಕ್ಕೆ ಬರುವುದು ಏಕೆ ಸರಿಯಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಸಿಂಪಡಣೆಯ ವಿಷಯಕ್ಕೆ ಬಂದರೆ, ವಿರೋಧಿಸುವವರ ಕೈಯಲ್ಲಿ ಗಟ್ಟಿ ಗಣಿತವಿದೆ. ಶೇ 19 ಕ್ಯಾಲ್ಸಿಯಂ ಇರುವ ಕ್ಯಾಲ್ಸಿಯಂ ನೈಟ್ರೇಟನ್ನು ಲೀಟರಿಗೆ 5 ಗ್ರಾಂನಂತೆ ಕರಗಿಸಿ ಹೆಕ್ಟೇರಿಗೆ 500 ಲೀಟರ್ ಸಿಂಪಡಿಸಿದರೆ ಬೀಳುವುದು 475 ಗ್ರಾಂ ಕ್ಯಾಲ್ಸಿಯಂ. ಅದರಲ್ಲಿ ಎಲೆಯೊಳಗೆ ಹೋಗುವುದು ಒಂದು ಪಾಲು ಮಾತ್ರ. ಅದೇ ಹೆಕ್ಟೇರಿನ ಗಿಡಗಳು ದಿನಕ್ಕೆ 4 ಮಿ.ಮೀ. ನೀರು ಹೀರಿದರೆ 40,000 ಲೀಟರ್ ಆಯಿತು. ಆ ನೀರಿನಲ್ಲಿ ಲೀಟರಿಗೆ 40 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ ಒಂದೇ ದಿನದಲ್ಲಿ 1.6 ಕಿಲೋ ಬೇರಿನ ಬಳಿಗೆ ಬರುತ್ತದೆ. ಒಂದು ದಿನದ ಒಳ್ಳೆಯ ನೀರಿನ ಮುಂದೆ ಒಂದು ಸಿಂಪಡಣೆ ಮೂರನೇ ಒಂದು ಪಾಲಿಗೂ ಸಮವಲ್ಲ.

ಪರವಾಗಿರುವವರ ಉತ್ತರವೂ ಸುಮ್ಮನೆ ಬಂದದ್ದಲ್ಲ. ಒಟ್ಟು ತೂಕ ಮುಖ್ಯವಲ್ಲ, ಬೇಕಾದ ಜಾಗಕ್ಕೆ ಬಿದ್ದರೆ ಸಾಕು ಎನ್ನುತ್ತಾರೆ ಅವರು. ಸೇಬಿನಲ್ಲಿ ಕಾಯಿಯ ಮೇಲೆಯೇ ಬೀಳುವಂತೆ ಹಂಗಾಮಿನಲ್ಲಿ ಹಲವು ಸಲ ಸಿಂಪಡಿಸುವ ಪದ್ಧತಿ ಗಟ್ಟಿಯಾಗಿ ನೆಲೆಯೂರಿದೆ. ತಂಪು ಹವೆಯ ಹುಲ್ಲುಗಳ ಮೇಲಿನ ಪ್ರಯೋಗಗಳಲ್ಲಿ ಬಿಸಿಗೆ ಮೊದಲೇ ಕ್ಯಾಲ್ಸಿಯಂ ಕ್ಲೋರೈಡ್ ಸಿಂಪಡಿಸಿದಾಗ ಎಲೆಗಳು ನೀರನ್ನೂ ಹಸಿರನ್ನೂ ಹೆಚ್ಚು ಉಳಿಸಿಕೊಂಡಿವೆ.

ಇಂಥ ಫಲಿತಾಂಶ ಓದುವಾಗ ಒಂದನ್ನು ವಿಚಾರಿಸಲೇಬೇಕು: ಹೋಲಿಕೆಗೆ ಏನಿಟ್ಟಿದ್ದರು? ಕ್ಯಾಲ್ಸಿಯಂ ನೈಟ್ರೇಟ್ ಸಿಂಪಡಿಸಿದ ಸಾಲು ಹಸಿರಾಗಿದ್ದರೆ ಅದು ಸಾರಜನಕದ ಕೆಲಸವೂ ಆಗಿರಬಹುದು. ಅಷ್ಟೇ ನೈಟ್ರೇಟ್ ಇರುವ ಪೊಟ್ಯಾಸಿಯಂ ನೈಟ್ರೇಟಿನ ಸಾಲು, ಬರೀ ನೀರಿನ ಸಾಲು ಪಕ್ಕದಲ್ಲಿಲ್ಲದಿದ್ದರೆ ಹೊಗಳಿಕೆ ಕ್ಯಾಲ್ಸಿಯಂಗೆ ಸಲ್ಲಬೇಕೆಂದು ಹೇಳಲಾಗದು. ಬೇರಿನಿಂದ ಕ್ಯಾಲ್ಸಿಯಂ ತಲುಪದ ಕಡೆ, ಸಿಂಪಡಿಸಿದ್ದು ತಲುಪಬಲ್ಲ ಬೆಳೆಗೆ, ಮುಂಚಿತವಾಗಿ ಮಾಡುವ ಸಿಂಪಡಣೆಗೆ ಅರ್ಥವಿದೆ. ನೀರಿನ ತಪ್ಪನ್ನು ಮುಚ್ಚಲು ಮಾಡುವ ಸಿಂಪಡಣೆಗೆ ಇಲ್ಲ.

ಸಿಂಪಡಿಸುವುದೇ ಆದರೆ

ಯಾವ ಲವಣ ಎಂಬುದಕ್ಕಿಂತ ಯಾವ ಹವೆ ಎಂಬುದನ್ನು ಮೊದಲು ನೋಡಬೇಕು. ಎಲೆಯ ಮೇಣದ ಪದರವನ್ನು ದಾಟುವುದು ಕರಗಿರುವ ಕ್ಯಾಲ್ಸಿಯಂ ಮಾತ್ರ. ಹನಿ ಒಣಗಿ ಹರಳಾದರೆ ಒಳಹೋಗುವುದು ನಿಲ್ಲುತ್ತದೆ. ಕ್ಯಾಲ್ಸಿಯಂ ಕ್ಲೋರೈಡ್ ಗಾಳಿಯ ತೇವಾಂಶ ಶೇ 33ರ ಸುಮಾರಿಗೆ ಇಳಿದರೂ ಒದ್ದೆಯಾಗಿಯೇ ಉಳಿಯುತ್ತದೆ. ಕ್ಯಾಲ್ಸಿಯಂ ನೈಟ್ರೇಟಿಗೆ ಶೇ 56ರ ಆಸುಪಾಸು ಬೇಕು. ಕ್ಯಾಲ್ಸಿಯಂ ಅಸಿಟೇಟ್ ಒದ್ದೆಯಾಗಿರಲು ಗಾಳಿ ಹೆಚ್ಚುಕಡಿಮೆ ಪೂರ್ತಿ ತೇವವಾಗಿರಬೇಕು. ಆದ್ದರಿಂದ ಒಣ ಬಿಸಿಗಾಳಿಯ ಮಧ್ಯಾಹ್ನ ನೈಟ್ರೇಟ್ ಸಿಂಪಡಿಸಿದರೆ ಎಲೆ ಮೇಲೆ ಬಿಳಿ ಪುಡಿ ಕಾಣುತ್ತದೆ ಅಷ್ಟೆ. ಸಂಜೆ ಬಿಸಿಲು ಇಳಿದ ಮೇಲೆ, ರಾತ್ರಿಯ ತೇವ ಏರುವ ಹೊತ್ತಿಗೆ ಸಿಂಪಡಿಸಿದರೆ ಅದೇ ಲವಣ ಗಂಟೆಗಟ್ಟಲೆ ಕೆಲಸ ಮಾಡುತ್ತದೆ.

ಕ್ಲೋರೈಡ್ ಒದ್ದೆಯಾಗಿ ಉಳಿಯುವ ಗುಣದಿಂದಲೇ ಎಲೆ ಸುಡುವ ಅಪಾಯವೂ ಹೆಚ್ಚು. 30 ಡಿಗ್ರಿ ಮೀರಿದ ಬಿಸಿಲಲ್ಲಿ ಅದನ್ನು ಬಳಸಬಾರದು. ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಕಾಣುವ 10 ಮಿಲಿಮೋಲಾರ್ ಎಂಬ ಪ್ರಮಾಣ, ಎರಡು ನೀರಿನ ಅಣು ಕೂಡಿದ ಕ್ಯಾಲ್ಸಿಯಂ ಕ್ಲೋರೈಡಿಗೆ ಲೀಟರಿಗೆ ಸುಮಾರು 1.5 ಗ್ರಾಂ ಆಗುತ್ತದೆ. ನೈಟ್ರೇಟ್ ಆದರೆ ಲೀಟರಿಗೆ 5 ಗ್ರಾಂನಿಂದ ಶುರುಮಾಡಬಹುದು. ಹತ್ತು ಗಿಡಗಳಿಗೆ ಮೊದಲು ಸಿಂಪಡಿಸಿ ಎರಡು ದಿನ ಕಾದು, ಎಲೆಯಂಚು ಕಂದಿಲ್ಲವೆಂದು ನೋಡಿ ಮುಂದುವರಿಯುವುದು ಕ್ಷೇಮ. ಬಿಸಿಲಿನ ಹೊಡೆತಕ್ಕೆ ಎರಡು ಮೂರು ದಿನ ಮೊದಲು ಆಗಬೇಕಾದ ಕೆಲಸವಿದು. ಗಿಡ ಬಾಡಿ ನಿಂತ ಮೇಲೆ ಸಿಂಪಡಿಸಿದರೆ ಉಪ್ಪಿನ ಹೊರೆ ಕೂಡುತ್ತದೆಯೇ ಹೊರತು ಲಾಭವಿಲ್ಲ.

ಟ್ಯಾಂಕಿಗೆ ಅರ್ಧ ನೀರು ತುಂಬಿ, ಬಕೆಟ್ಟಿನಲ್ಲಿ ಬೇರೆಯಾಗಿ ಕರಗಿಸಿದ ಲವಣವನ್ನು ಅದಕ್ಕೆ ಸುರಿದು ಕಲಕಿ, ಉಳಿದ ನೀರು ಸೇರಿಸಿ, ಅಂಟುದ್ರಾವಣವನ್ನು ಕಡೆಗೆ ಹಾಕಬೇಕು. ಕ್ಲೋರೈಡ್ ಕರಗುವಾಗ ಬಿಸಿ ಹೊಮ್ಮುತ್ತದೆ. ನೀರಿಗೆ ಲವಣವನ್ನು ಹಾಕಬೇಕು, ಲವಣದ ಮೇಲೆ ನೀರು ಸುರಿಯಬಾರದು. ಫಾಸ್ಫೇಟ್ ಅಥವಾ ಸಲ್ಫೇಟ್ ಇರುವ ಯಾವ ಗೊಬ್ಬರವನ್ನೂ ಜೊತೆಗೆ ಬೆರೆಸಬಾರದು. ಬೆರೆಸಿದರೆ ಬಿಳಿ ಗಸಿ ಕೂತು ನಾಜಲ್ ಕಟ್ಟುತ್ತದೆ, ಕ್ಯಾಲ್ಸಿಯಂ ಅಲ್ಲೇ ಮುಗಿಯುತ್ತದೆ. ಸಂದೇಹವಿದ್ದರೆ ಗಾಜಿನ ಬಾಟಲಿಯಲ್ಲಿ ಅದೇ ಪ್ರಮಾಣದಲ್ಲಿ ಬೆರೆಸಿ ಅರ್ಧ ಗಂಟೆ ಇಟ್ಟು ನೋಡಿದರೆ ತಿಳಿಯುತ್ತದೆ. ಹನಿ ನೀರಾವರಿಯಲ್ಲಿ ಕ್ಯಾಲ್ಸಿಯಂ ನೈಟ್ರೇಟಿಗೆ ಬೇರೆ ಟ್ಯಾಂಕ್ ಇಡುವುದೂ ಇದೇ ಕಾರಣಕ್ಕೆ.

ಮಣ್ಣಿನಲ್ಲಿ ಮಾಡಬೇಕಾದದ್ದು

ಮಣ್ಣು ಪರೀಕ್ಷೆಯಲ್ಲಿ ಪಿಎಚ್ 5.5ಕ್ಕಿಂತ ಕೆಳಗಿದ್ದರೆ ಸುಣ್ಣ ಬೇಕು. ಅಲ್ಲಿ ಕ್ಯಾಲ್ಸಿಯಂ ಕಡಿಮೆ ಎನ್ನುವುದರ ಜೊತೆಗೆ, ಕರಗಿದ ಅಲ್ಯುಮಿನಿಯಂ ಬೇರುತುದಿಗಳನ್ನೇ ಮೊಂಡಾಗಿಸುತ್ತದೆ. ಕೃಷಿ ಸುಣ್ಣ ನೀರಿನಲ್ಲಿ ಕರಗುವುದು ಅತಿ ನಿಧಾನ, ಆದ್ದರಿಂದ ಬಿತ್ತನೆಗೆ ತಿಂಗಳುಗಳ ಮೊದಲೇ ಮಣ್ಣಿಗೆ ಬೆರೆಸಬೇಕು. ಬಿಸಿಗಾಳಿ ಬಂದಾಗ ಬುಡಕ್ಕೆ ಸುಣ್ಣ ಚೆಲ್ಲಿದರೆ ಆ ಹಂಗಾಮಿಗೆ ಪ್ರಯೋಜನವಿಲ್ಲ. ಪಿಎಚ್ ಸರಿಯಿದ್ದು ಕ್ಯಾಲ್ಸಿಯಂ ಮಾತ್ರ ಬೇಕಿದ್ದರೆ ಜಿಪ್ಸಂ ಒಳ್ಳೆಯದು. ಲೀಟರಿಗೆ 2 ಗ್ರಾಂಗಿಂತ ತುಸು ಹೆಚ್ಚೇ ಕರಗುತ್ತದೆ, ಪಿಎಚ್ ಬದಲಿಸುವುದಿಲ್ಲ. ಕಡಲೆಕಾಯಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ. ನೆಲದೊಳಗಿನ ಕಾಯಿ ಬೆವರದ ಕಾರಣ ಬೇರಿನಿಂದ ಬಂದದ್ದು ಅದಕ್ಕೆ ಸಾಲದು, ತನ್ನ ಸಿಪ್ಪೆಯ ಮೂಲಕವೇ ಸುತ್ತಲ ಮಣ್ಣಿನಿಂದ ಹೀರಬೇಕು. ಹಾಗಾಗಿ ಹೂ ಬಿಡುವ ಹೊತ್ತಿಗೆ ಕಾಯಿ ಇಳಿಯುವ ಮೇಲ್ಪದರದಲ್ಲಿ ಜಿಪ್ಸಂ ಇರಬೇಕು.

ಬಿಸಿಲ ಕಾಲದಲ್ಲಿ ಕ್ಯಾಲ್ಸಿಯಂ ಕೊಡುವುದಕ್ಕಿಂತ ಅದರ ದಾರಿಗೆ ಅಡ್ಡ ಬರುವುದನ್ನು ತೆಗೆಯುವುದರಿಂದ ಹೆಚ್ಚು ಲಾಭ. ಅಮೋನಿಯಂ ರೂಪದ ಸಾರಜನಕ ಮತ್ತು ಪೊಟ್ಯಾಶ್ ಬೇರಿನ ಬಾಗಿಲಲ್ಲಿ ಕ್ಯಾಲ್ಸಿಯಂ ಜೊತೆ ಪೈಪೋಟಿಗಿಳಿಯುತ್ತವೆ. ಸಾರಜನಕ ಅತಿಯಾದರೆ ಸೊಪ್ಪು ಬೆಳೆದು ನೀರನ್ನೆಲ್ಲ ಎಲೆಯೇ ಎಳೆಯುತ್ತದೆ. ಕಾಯಿ ಕಚ್ಚುವ ವಾರಗಳಲ್ಲಿ ಎರಡನ್ನೂ ಹಿಡಿತದಲ್ಲಿಡಬೇಕು. ನೀರನ್ನು ಒಮ್ಮೆಗೇ ತುಂಬಿಸಿ ಆಮೇಲೆ ಒಣಗಿಸುವ ಬದಲು ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡಬೇಕು, ಬುಡಕ್ಕೆ ಹೊದಿಕೆ ಹಾಕಿ ಮೇಲ್ಮಣ್ಣನ್ನು ತಂಪಾಗಿಡಬೇಕು. ತೀವ್ರ ಬಿಸಿಲಿಗೆ ಶೇ 30ರಷ್ಟು ನೆರಳು ಕೊಡುವ ಬಲೆ ಎಲೆಗಳ ಎಳೆತವನ್ನು ತಗ್ಗಿಸುತ್ತದೆ. ಮಣ್ಣಿಲ್ಲದ ಕೃಷಿಯಲ್ಲಿ ಸೆಕೆ ಏರಿದಂತೆ ಪೋಷಕದ್ರಾವಣವನ್ನು ತೆಳುವಾಗಿಸುವುದೇ ಸರಿಯಾದ ಕ್ರಮ. ಗಟ್ಟಿ ಮಾಡಿದರೆ ಬೇರಿಗೆ ನೀರೇ ಸಿಗುವುದಿಲ್ಲ, ಕ್ಯಾಲ್ಸಿಯಂ ಅದರ ಜೊತೆಗೇ ನಿಂತುಹೋಗುತ್ತದೆ.

ಹೂ ಉದುರುವ ಸಮಸ್ಯೆಯನ್ನು ಇದರೊಂದಿಗೆ ಬೆರೆಸಬಾರದು. ಪರಾಗನಳಿಕೆ ಬೆಳೆಯಲು ಕ್ಯಾಲ್ಸಿಯಂ ಬೇಕು ನಿಜ; ಗಾಜಿನ ಮೇಲೆ ಪರಾಗ ಮೊಳೆಯಿಸಲು 1963ರಿಂದ ಬಳಕೆಯಲ್ಲಿರುವ ದ್ರಾವಣದಲ್ಲಿ ಸಕ್ಕರೆ, ಬೋರಿಕ್ ಆಮ್ಲದ ಜೊತೆ ಲೀಟರಿಗೆ 300 ಮಿಲಿಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಇದೆ. ಆದರೆ ಬಿಸಿಗೆ ಪರಾಗ ಕೆಡುವುದು ಹೂ ಅರಳುವ ಎಷ್ಟೋ ದಿನ ಮೊದಲು, ಮೊಗ್ಗಿನೊಳಗೇ. ಅರಳಿದ ಹೂವಿಗೆ ಸಿಂಪಡಿಸಿದ್ದು ಸತ್ತ ಪರಾಗವನ್ನು ಎಬ್ಬಿಸದು.

ಮುಂದೆ ಏನಾಗಬಹುದು

ಹಗಲಿಗಿಂತ ರಾತ್ರಿಯ ಬಿಸಿ ಹೆಚ್ಚು ಚಿಂತೆ ಹುಟ್ಟಿಸುವಂಥದ್ದು. ಒಳ ಎಲೆಗೂ ಕಾಯಿಯ ತುದಿಗೂ ಕ್ಯಾಲ್ಸಿಯಂ ತಲುಪುವುದು ತಂಪಾದ, ತೇವದ ರಾತ್ರಿಗಳಲ್ಲಿ. ರಾತ್ರಿಗಳು ಬಿಸಿಯಾಗಿ ಒಣಗಿದರೆ ಮಣ್ಣು ಪರೀಕ್ಷೆಯಲ್ಲಿ ಎಲ್ಲವೂ ಸರಿಯಿದ್ದ ಹೊಲದಲ್ಲೂ ತುದಿ ಕೊಳೆ ಹೆಚ್ಚುತ್ತದೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಂತೆ ಎಲೆರಂಧ್ರಗಳು ಕಿರಿದಾಗಿ ಒಟ್ಟು ನೀರಿನ ಹರಿವೇ ತಗ್ಗುತ್ತದೆ. ಒಳಾಂಗಣ ಕೃಷಿಯಲ್ಲಿ ಲೆಟ್ಯೂಸಿನ ಅಂಚು ಸುಡದಂತೆ ತಡೆಯಲು ಈಗಾಗಲೇ ಗೊಬ್ಬರ ಹೆಚ್ಚಿಸುವ ಬದಲು ಬೆಳೆಯುವ ತುದಿಯ ಮೇಲೆ ನೇರವಾಗಿ ಗಾಳಿ ಬೀಸುತ್ತಾರೆ. ಒಳ ಎಲೆ ತುಸು ಬೆವರಿದರೆ ಸಾಕು, ಕ್ಯಾಲ್ಸಿಯಂ ತಾನಾಗಿ ಬರುತ್ತದೆ.

ತೆರೆದ ಹೊಲದಲ್ಲಿ ಗಾಳಿ ಕೈಯಲ್ಲಿಲ್ಲ, ಸಂಜೆಯ ನೀರು ಇದೆ. ಅದು ಕೆಲಸ ಮಾಡಿತೋ ಇಲ್ಲವೋ ಎಂಬುದನ್ನು ಸೂರ್ಯ ಏರುವ ಮೊದಲು ಎಲೆಯಂಚಿನಲ್ಲಿ ನೋಡಬಹುದು. ಸ್ಟ್ರಾಬೆರಿ, ಟೊಮೆಟೊ, ಕೋಸಿನಂಥ ಬೆಳೆಗಳಲ್ಲಿ ಎಲೆಯ ಹಲ್ಲುಗಳ ತುದಿಗೆ ಮಾತ್ರ ಸಾಲಾಗಿ ಮುತ್ತಿನಂಥ ಹನಿಗಳು ನಿಂತಿದ್ದರೆ, ಅವು ಬೇರು ರಾತ್ರಿಯಿಡೀ ತಳ್ಳಿದ ನೀರು. ಎಲೆಯ ಮೈಯೆಲ್ಲ ಒದ್ದೆಯಾಗಿದ್ದರೆ ಅದು ಬರೀ ಇಬ್ಬನಿ, ಬೇರಿನ ಒತ್ತಡದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಬಿಸಿಗಾಳಿಯ ವಾರದಲ್ಲಿ ಎರಡು ಮೂರು ಬೆಳಗು ಹಲ್ಲಿನ ತುದಿ ಒಣಗಿಯೇ ಕಂಡರೆ, ಸಿಂಪಡಣೆಯ ಪಂಪು ತೆಗೆಯುವ ಮೊದಲು ಸಂಜೆಯ ನೀರನ್ನು ಹೆಚ್ಚಿಸಿ, ಗೊಬ್ಬರದ ನೀರನ್ನು ತೆಳುವಾಗಿಸಿ, ಮರುದಿನ ಬೆಳಗ್ಗೆ ಮತ್ತೆ ಅದೇ ಎಲೆಯನ್ನು ನೋಡಬೇಕು.